ಅಂಚಲ್ಲಿ ಹಿಡಿ

ಅವನು ನನಗೆ ಹೇಳಿದ ಮೊದಲ ಮಾತು ಹಲೋ ಅಲ್ಲ. "ಅಂಚಲ್ಲಿ ಹಿಡಿ" ಅಂದ. ಬರೀ ಅಂದಿದ್ದಲ್ಲ, ನನ್ನ ಮಣಿಕಟ್ಟನ್ನು ಹಿಡಿದೇ ಬಿಟ್ಟಿದ್ದ.

1994ರ ಫೆಬ್ರುವರಿ ಅದು. ನಾನು ತಿಪಟೂರಿನವನು. ಬೆಂಗಳೂರಿನಲ್ಲಿ ಮೂರು ವರ್ಷ ದುಡಿದು ಮಿಶಿಗನ್‌ಗೆ ಬಂದು ನಾಲ್ಕು ತಿಂಗಳಾಗಿತ್ತು. ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಡ್ರಾಯಿಂಗ್ ಕೆಲಸ. ಮೊದಲ ಚಳಿಗಾಲ, ಮೂಗು ಇದೆಯೋ ಬಿದ್ದುಹೋಯಿತೋ ಅಂತ ಮುಟ್ಟಿ ನೋಡಿಕೊಳ್ಳಬೇಕಾದಂಥ ಚಳಿ. ಡೆಟ್ರಾಯಿಟ್ ಪಕ್ಕದ ಟೇಲರ್ ಎಂಬ ಊರಲ್ಲಿ ಜಿಬ್ರಾಲ್ಟರ್ ಟ್ರೇಡ್ ಸೆಂಟರ್ ಅಂತ ಒಂದು ದೊಡ್ಡ ಸಂತೆ ಇತ್ತು, ಎಲ್ಲಾ ಒಂದೇ ಸೂರಿನ ಕೆಳಗೆ. ಅಲ್ಲಿ ಅಗ್ಗದ ಬೂಟು ಸಿಗುತ್ತೆ ಅಂತ ಯಾರೋ ಹೇಳಿದ್ದರು. ಬೂಟು ಹುಡುಕುತ್ತಾ ಹೋದವನು ಬೇಸ್‌ಬಾಲ್ ಕಾರ್ಡ್‌ಗಳ ಸಾಲಿಗೆ ಬಂದು ನಿಂತೆ.

ಉದ್ದಕ್ಕೂ ಟೇಬಲ್‌ಗಳು. ಟೇಬಲ್ ಮೇಲೆ ಉದ್ದುದ್ದ ರಟ್ಟಿನ ಡಬ್ಬಿಗಳು. ಡಬ್ಬಿಗಳ ಮೇಲೆ ಬಗ್ಗಿದ ಹೊಟ್ಟೆ ಬಂದ ಗಂಡಸರು. ಬ್ಯಾಂಕಿನ ಕ್ಯಾಷಿಯರ್ ನೋಟು ಎಣಿಸಿದ ಹಾಗೆ ಎರಡು ಬೆರಳಲ್ಲಿ ಕಾರ್ಡ್ ಸರಿಸುತ್ತಿದ್ದರು. ಯಾರೂ ಮಾತಾಡುತ್ತಿಲ್ಲ. ನನಗೆ ಥಟ್ಟನೆ ನೆನಪಾಗಿದ್ದು ನಮ್ಮೂರ ರೈಲ್ವೆ ಸ್ಟೇಷನ್ ಹಿಂದಿನ ಕಟ್ಟೆ. ಅಲ್ಲಿ ನಾವು ಬೆಂಕಿಪೊಟ್ಟಣದ ಚಿತ್ರ ಬದಲಾಯಿಸಿಕೊಳ್ಳುತ್ತಿದ್ದದ್ದು ಹೀಗೇ, ಇಷ್ಟೇ ಗಂಭೀರವಾಗಿ. ಖುಷಿಯಿಂದ ಒಂದು ಕಾರ್ಡ್ ಎತ್ತಿಕೊಂಡೆ, ಹೆಬ್ಬೆರಳನ್ನು ಆಟಗಾರನ ಮೂತಿಯ ಮೇಲೇ ಒತ್ತಿ. ಆಗ ಪಕ್ಕದಲ್ಲಿದ್ದ ಗಿರಾಕಿಯೊಬ್ಬ ನನ್ನ ಕೈ ಹಿಡಿದ. ಟೇಬಲ್ ಅವನದಲ್ಲ, ಕಾರ್ಡೂ ಅವನದಲ್ಲ. ಆದರೂ ತಡೆಯಲಾಗಲಿಲ್ಲ ಅವನಿಗೆ.

ಆ ದಿನ ನಾನು ಬೂಟು ಕೊಳ್ಳಲಿಲ್ಲ.

ಅವನ ಹೆಸರು ಬರೆಯುವುದಿಲ್ಲ. ತನ್ನ ಹೆಸರು ಎಲ್ಲೂ ಬರೋದು ಅವನಿಗೆ ಇಷ್ಟ ಇರಲಿಲ್ಲ, ಮನೆಯವರಿಗೂ ಇಲ್ಲ. ನನಗಿಂತ ಸುಮಾರು ಹತ್ತೊಂಬತ್ತು ವರ್ಷ ದೊಡ್ಡವನು. ಕನ್ನಡದಲ್ಲಿ ಬರೆಯುವಾಗ 'ಅವರು' ಅನ್ನಬೇಕು, ಗೊತ್ತು. ಆದರೆ ಇಪ್ಪತ್ತೇಳು ವರ್ಷ ನಾನು ಅವನ ಬಗ್ಗೆ ಮನಸ್ಸಲ್ಲಿ ಮಾತಾಡಿಕೊಂಡಿದ್ದು 'ಅವನು' ಅಂತಲೇ, ಈಗ ಬದಲಾಯಿಸಿದರೆ ಬೇರೆ ಯಾರೋ ಆಗಿಬಿಡುತ್ತಾನೆ. ಟೂಲ್ ಅಂಡ್ ಡೈ ಕೆಲಸ ಮಾಡುತ್ತಿದ್ದ. ಕಬ್ಬಿಣವನ್ನು ಕೂದಲೆಳೆ ಲೆಕ್ಕದಲ್ಲಿ ಅಳೆಯುವ ಕೆಲಸ. ಅದಕ್ಕೇ ಇರಬೇಕು, ಕಾರ್ಡಿನ ಚಿತ್ರ ಒಂದು ಕಡೆಗೆ ಕೂದಲಷ್ಟು ವಾಲಿದ್ದರೂ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಮೂಲೆ ಸವೆದಿದ್ದರೆ ಕ್ಷಮಿಸುತ್ತಿದ್ದ, ಮಡಿಕೆ ಬಿದ್ದಿದ್ದರೂ ಕ್ಷಮಿಸುತ್ತಿದ್ದ. ಚಿತ್ರ ಮಧ್ಯಕ್ಕಿಲ್ಲ ಅಂದರೆ ಮುಗೀತು, ವಾಪಸ್.

ಗೊತ್ತಿಲ್ಲದವರಿಗೆ ಎರಡು ಮಾತು. ಬೇಸ್‌ಬಾಲ್ ಕಾರ್ಡ್ ಅಂದರೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ರಟ್ಟಿನ ತುಂಡು. ಹೆಚ್ಚುಕಮ್ಮಿ ಇಸ್ಪೀಟ್ ಎಲೆಯಷ್ಟು. ಮುಂದೆ ಆಟಗಾರನ ಫೋಟೊ, ಹಿಂದೆ ಅವನ ಅಂಕಿಅಂಶ. ನೂರು ವರ್ಷದ ಹಿಂದೆ ಸಿಗರೇಟ್ ಪ್ಯಾಕಿನಲ್ಲಿ ಬರುತ್ತಿತ್ತು, ಆಮೇಲೆ ಬಬಲ್ ಗಮ್ ಜೊತೆ. ಟಾಪ್ಸ್ ಅನ್ನೋದು ಇದರಲ್ಲಿ ದೊಡ್ಡ ಹೆಸರು. ಆ ಕಂಪನಿಯ ಸೈ ಬರ್ಗರ್ 1952ರ ಸೆಟ್ಟನ್ನು, ಅಂದರೆ ಆ ವರ್ಷ ಹೊರಬಂದ ಕಾರ್ಡುಗಳ ಪೂರ್ತಿ ಸಾಲನ್ನು, ಬ್ರೂಕ್ಲಿನ್‌ನ ತನ್ನ ಮನೆಯ ಅಡುಗೆಮನೆ ಟೇಬಲ್ ಮೇಲೆ ರೂಪಿಸಿದ. ಅದರಲ್ಲಿ ಮಾರಾಟವಾಗದೆ ಉಳಿದ ಕಟ್ಟುಗಳನ್ನು 1960ರಲ್ಲಿ ದೋಣಿಗೆ ಹೇರಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದವನೂ ಅವನೇ. ಗೋಡೌನ್‌ನಲ್ಲಿ ಜಾಗ ಬೇಕಿತ್ತಂತೆ. ಆ ಸೆಟ್ಟಿನ 311ನೇ ಕಾರ್ಡ್ ಮಿಕ್ಕಿ ಮ್ಯಾಂಟಲ್. ಅದರ ಒಂದು ಒಳ್ಳೆಯ ಪ್ರತಿ 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹೋಯಿತು. ನಮ್ಮ ಕಡೆ ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಡಾಲರ್ ರೇಟು ಕೇಳಿ ಗುಣಿಸಲು ಶುರು ಮಾಡುತ್ತಾರೆ.

ನನ್ನ ಗೆಳೆಯ ಆ ಲೋಕದವನಲ್ಲ. ಐವತ್ತು ಸೆಂಟ್‌ಗೆ ಚೌಕಾಸಿ ಮಾಡುವ ಲೋಕದವನು. ಹಾಗಂತ ದೊಡ್ಡ ಮನಸ್ಸಿನ ಸಾಧು ಅಂತೇನೂ ಅಂದುಕೊಳ್ಳಬೇಡಿ. ಮಹಾ ಜುಗ್ಗ. ಒಂದು ಡಾಲರಿನ ಕಾರ್ಡ್‌ಗೆ ಅರವತ್ತು ಸೆಂಟ್ ಕೇಳಿ, ಆಗಲ್ಲ ಅಂದರೆ ಹೊರಟು, ಇಡೀ ಹಾಲ್ ಒಂದು ಸುತ್ತು ಹಾಕಿ, ವಾಪಸ್ ಬಂದು ಅರವತ್ತೈದು ಅನ್ನುತ್ತಿದ್ದ. ನಮ್ಮ ತಿಪಟೂರು ಸಂತೆಯಲ್ಲಿ ಕೊಬ್ಬರಿ ವ್ಯಾಪಾರಕ್ಕೆ ಬಿಟ್ಟಿದ್ದರೂ ಬದುಕಿಕೊಳ್ಳುತ್ತಿದ್ದ.

ನಾನು ಬೇಸ್‌ಬಾಲ್ ಕಲಿತದ್ದು ಕಾರ್ಡಿನ ಹಿಂಬದಿಯಿಂದ. ಆಟ ನೋಡೋಣ ಅಂದರೆ ಅದೇ ವರ್ಷ ಆಗಸ್ಟ್ 12ಕ್ಕೆ ಆಟಗಾರರು ಮುಷ್ಕರ ಹೂಡಿದರು, ವರ್ಷದ ಕೊನೆಯ ಫೈನಲ್ ಆದ ವರ್ಲ್ಡ್ ಸೀರೀಸೇ ರದ್ದಾಯಿತು. ಅವನಿಗೆ ಎಷ್ಟು ಸಿಟ್ಟು ಬಂತೆಂದರೆ ಎರಡು ವರ್ಷ ಸ್ಟೇಡಿಯಂ ಕಡೆ ತಲೆ ಹಾಕಲಿಲ್ಲ. ಕಾರ್ಡ್ ಮಾತ್ರ ಬಿಡಲಿಲ್ಲ. "ಇವರು ಮುಷ್ಕರ ಮಾಡಲ್ಲ" ಅಂತ ಡಬ್ಬಿ ತೋರಿಸುತ್ತಿದ್ದ.

ತಿಂಗಳಿಗೆ ಒಂದೋ ಎರಡೋ ಸಲ ಸಿಗುತ್ತಿದ್ದೆವು. ಜಿಬ್ರಾಲ್ಟರ್‌ನಲ್ಲಿ, ಇಲ್ಲವೇ ಯಾವುದಾದರೂ ಚರ್ಚಿನ ಹಾಲಿನಲ್ಲಿ ನಡೆಯುವ ಪುಟ್ಟ ಕಾರ್ಡ್ ಶೋಗಳಲ್ಲಿ. ಫೋನಿಲ್ಲ, ಪತ್ರ ಇಲ್ಲ. ಮುಂದಿನ ಶೋ ಯಾವಾಗ ಅಂತ ಇಬ್ಬರಿಗೂ ಗೊತ್ತಿತ್ತು, ಅಷ್ಟು ಸಾಕಿತ್ತು. ಒಂದು ಸಲ ಹೆಂಡತಿ ಮಾಡಿದ ಕೋಡುಬಳೆ ತಗೊಂಡು ಹೋಗಿದ್ದೆ. ಒಂದು ತಿಂದ, ಇನ್ನೊಂದು ತಿಂದ, ಮೂರು ಟಿಶ್ಯೂ ತಗೊಂಡು ಒಂದೊಂದೇ ಬೆರಳನ್ನು ಒರೆಸಿಕೊಂಡ, ಬಾತ್‌ರೂಮಿಗೆ ಹೋಗಿ ಸೋಪು ಹಾಕಿ ತೊಳೆದುಕೊಂಡ, ಬಂದು ಕಾರ್ಡ್ ಮುಟ್ಟಿದ. ಸ್ವಲ್ಪ ಹೊತ್ತಾದ ಮೇಲೆ ಡಬ್ಬದ ಕಡೆ ನೋಡಿ, "ಇನ್ನೊಂದು ತಿಂದರೆ ಮತ್ತೆ ತೊಳೆಯಬೇಕು" ಅಂತ ನಿಟ್ಟುಸಿರು ಬಿಟ್ಟ.

ಅವನ ಪ್ರಾಣ ಇದ್ದದ್ದು 1971ರ ಟಾಪ್ಸ್ ಸೆಟ್ಟಿನಲ್ಲಿ. 752 ಕಾರ್ಡು, ಸುತ್ತ ಕಪ್ಪು ಅಂಚು. ಈ ಕಪ್ಪು ಅಂಚೇ ಶಾಪ. ಉಗುರು ತಾಗಿದರೂ ಶಾಯಿ ಎದ್ದು ಒಳಗಿನ ಬಿಳಿ ರಟ್ಟು ಕಾಣುತ್ತೆ. ಕರಿ ಸೀರೆ ಮೇಲೆ ಹಿಟ್ಟು ಬಿದ್ದ ಹಾಗೆ, ಎಷ್ಟು ದೂರದಿಂದಲೂ ಗೊತ್ತಾಗುತ್ತೆ. ಅದನ್ನು ಪ್ಲಾಸ್ಟಿಕ್ ಸ್ಲೀವ್‌ಗೆ ಹಾಕುವುದೇ ಒಂದು ವಿದ್ಯೆ. ಮೊದಲು ಸ್ಲೀವ್‌ನ ಬಾಯಿಯನ್ನು ಎಡಗೈಯ ಎರಡು ಬೆರಳಲ್ಲಿ ಒತ್ತಿ ಉಬ್ಬಿಸಬೇಕು. ಕಾರ್ಡನ್ನು ನೇರವಾಗಿ ಇಳಿಸಬಾರದು, ಸ್ವಲ್ಪ ಓರೆಯಾಗಿ ಒಂದು ಮೂಲೆ ಒಳಗೆ ಹೋದ ಮೇಲೆ ಇನ್ನೊಂದು. ಕೆಳಗೆ ಕೊನೆಯ ಕಾಲಿಂಚು ಉಳಿದಾಗ ತಳ್ಳಬಾರದು, ಸ್ಲೀವನ್ನು ಟೇಬಲ್ ಮೇಲೆ ಮೆಲ್ಲಗೆ ತಟ್ಟಬೇಕು, ಅದೇ ಇಳಿಯುತ್ತೆ. ಇದನ್ನು ಅವನು ನನಗೆ ಬೇಡದ ಕಾರ್ಡ್‌ಗಳ ಮೇಲೆ ನೂರು ಸಲ ಮಾಡಿಸಿ ಆಮೇಲೆ ಒಂದು 71 ಮುಟ್ಟಲು ಬಿಟ್ಟ.

ಬೇಡದ ಕಾರ್ಡುಗಳಿಗೆ ಬರ ಇರಲಿಲ್ಲ ಬಿಡಿ. ಎಂಬತ್ತರ ದಶಕದ ಕೊನೆಗೆ ಇಲ್ಲಿ ಎಲ್ಲರಿಗೂ ಹುಚ್ಚು ಹಿಡಿದಿತ್ತು. ಹಳೇ ಕಾರ್ಡಿಗೆ ಇಷ್ಟು ಬೆಲೆ ಬಂದಿದೆ, ಹೊಸದಕ್ಕೂ ಮುಂದೆ ಬರುತ್ತೆ, ಮಕ್ಕಳ ಕಾಲೇಜಿಗೆ ಆಗುತ್ತೆ ಅಂತ ಡಬ್ಬಿಗಟ್ಟಲೆ ಕೊಂಡು ಅಟ್ಟದ ಮೇಲಿಟ್ಟರು. ಕಂಪನಿಗಳು ಹಗಲುರಾತ್ರಿ ಪ್ರಿಂಟ್ ಹಾಕಿದವು. ಆ ಕಾಲದ ಟಾಪ್ಸ್ ಸೆಟ್ಟು 792 ಕಾರ್ಡಿನದು, ಒಂದು ಹಾಳೆಗೆ 132ರಂತೆ ಆರು ಹಾಳೆ. ಎಷ್ಟು ಹಾಳೆ ಅಚ್ಚಾದವು ಅಂತ ಕಂಪನಿ ಬಾಯಿ ಬಿಡಲಿಲ್ಲ. ಹಳೇ ಕಾರ್ಡಿಗೆ ಬೆಲೆ ಬಂದದ್ದೇ ಅಮ್ಮಂದಿರು ಕಸಕ್ಕೆ ಎಸೆದಿದ್ದರಿಂದ. ಇವನ್ನು ಯಾರೂ ಎಸೆಯಲಿಲ್ಲ, ಅದಕ್ಕೇ ಬೆಲೆ ಬರಲಿಲ್ಲ. ಈಗ ಅದನ್ನು ಜಂಕ್ ವ್ಯಾಕ್ಸ್ ಅಂತಾರೆ, ಮೇಣದ ಕಾಗದದಲ್ಲಿ ಸುತ್ತಿದ ಕಸ. ಇದೆಲ್ಲ ಗೊತ್ತಿದ್ದೂ ಅವನೂ ಕೊಂಡಿದ್ದ. ಎಷ್ಟು ಅಂತ ಆಮೇಲೆ ನೋಡಿದೆ.

ನಾನು ಬೆಂಕಿಪೊಟ್ಟಣದ ಕಥೆ ಹೇಳಿದಾಗ ಅವನ ಮುಖ ನೋಡಬೇಕಿತ್ತು. ಚಿತ್ರವನ್ನು ನೀರಲ್ಲಿ ನೆನೆಸಿ ಬಿಡಿಸುತ್ತಿದ್ದೆವು, ಸರಿ. ನೆಲದ ಮೇಲೆ ಒಣಗಿಸುತ್ತಿದ್ದೆವು, ಸರಿ. ಆಮೇಲೆ ಹಳೇ ನೋಟ್‌ಬುಕ್ಕಿಗೆ ಅನ್ನದ ಅಗುಳು ಹಿಸುಕಿ ಅಂಟಿಸುತ್ತಿದ್ದೆವು ಅಂದಾಗ ಕಣ್ಣು ಮುಚ್ಚಿಕೊಂಡ. ಸ್ವಲ್ಪ ಸುಧಾರಿಸಿಕೊಂಡು, "ಬರ್ಡಿಕ್ ಕೂಡ ಅಂಟಿಸಿದ" ಅಂದ.

ಜೆಫರ್ಸನ್ ಬರ್ಡಿಕ್ ಅವನ ದೇವರು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನವನು, ಒಂಟಿ ಮನುಷ್ಯ, ಕಾರ್ಖಾನೆಯಲ್ಲಿ ಎಲೆಕ್ಟ್ರಿಕ್ ಸಾಮಾನು ಜೋಡಿಸುವ ಕೆಲಸ. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದವು. ಅವನು ಮೂರು ಲಕ್ಷಕ್ಕೂ ಜಾಸ್ತಿ ಕಾರ್ಡು, ಚೀಟಿ, ಪೋಸ್ಟ್‌ಕಾರ್ಡು ಕೂಡಿಟ್ಟ. ಅದರಲ್ಲಿ ಬೇಸ್‌ಬಾಲ್ ಕಾರ್ಡೇ ಮೂವತ್ತು ಸಾವಿರದ ಮೇಲೆ. ಎಲ್ಲವನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಸುಮ್ನೆ ಕೊಟ್ಟುಬಿಟ್ಟ. ಕೊಟ್ಟದ್ದು ಮಾತ್ರ ಅಲ್ಲ, ವರ್ಷಗಟ್ಟಲೆ ಅಲ್ಲೇ ಕೂತು, ಆ ಬೆರಳುಗಳಿಂದಲೇ ಒಂದೊಂದನ್ನೂ ಆಲ್ಬಂಗೆ ಅಂಟಿಸಿದ. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಮಾರ್ಚ್‌ನಲ್ಲಿ ತೀರಿಕೊಂಡ. ಇವತ್ತಿಗೂ ಭಾರಿ ಬೆಲೆಬಾಳುವ ಹೋನಸ್ ವ್ಯಾಗ್ನರ್ ಕಾರ್ಡನ್ನು ಎಲ್ಲರೂ ಟಿ206 ಅಂತಾರಲ್ಲ, ಆ ನಂಬರು ಬರ್ಡಿಕ್‌ನ ಕ್ಯಾಟಲಾಗಿನದು. "ವ್ಯಾಗ್ನರನ್ನೇ ಗೋಂದು ಹಾಕಿ ಅಂಟಿಸಿದ" ಅಂತ ನನ್ನ ಗೆಳೆಯ ಪ್ರತಿ ಸಲ ಹೇಳಿ ಪ್ರತಿ ಸಲ ತಲೆ ಚಚ್ಚಿಕೊಳ್ಳುತ್ತಿದ್ದ. ಅಂಟಿಸಿದ್ದಕ್ಕೆ ಸಿಟ್ಟು, ಕೊಟ್ಟಿದ್ದಕ್ಕೆ ಭಕ್ತಿ.

ಎರ್ನಿ ಹಾರ್ವೆಲ್‌ದೂ ಹೇಳಬೇಕು. ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ 1960ರಿಂದ 2002ರವರೆಗೆ, ನಡುವೆ ಒಂದು ವರ್ಷ ಬಿಟ್ಟು, ಕಾಮೆಂಟರಿ ಹೇಳಿದ ಮನುಷ್ಯ. ಚೆಂಡು ಫೌಲ್ ಆಗಿ ಪ್ರೇಕ್ಷಕರ ನಡುವೆ ಬಿದ್ದರೆ, ಅದನ್ನು ಇಂಥ ಊರಿನವರು ಹಿಡಿದರು ಅಂತ ಒಂದು ಊರ ಹೆಸರು ಹೇಳುತ್ತಿದ್ದ. ಯಪ್ಸಿಲ್ಯಾಂಟಿ, ಸ್ಯಾಗಿನಾ, ಹೀಗೆ. ಚಿಕ್ಕ ಹುಡುಗರು ಇವನಿಗೆ ಹೇಗೆ ಗೊತ್ತಾಗುತ್ತೆ ಅಂತ ಬೆರಗಾಗುತ್ತಿದ್ದರಂತೆ. ಗೊತ್ತಾಗೋದೇನು, ಬಾಯಿಗೆ ಬಂದ ಊರು ಹೇಳುತ್ತಿದ್ದ ಅಷ್ಟೇ. ನನ್ನ ಗೆಳೆಯ ಅದನ್ನು ಅನುಕರಿಸುತ್ತಿದ್ದ. ಶೋದಲ್ಲಿ ಯಾರಾದರೂ ಕಾರ್ಡ್ ಕೆಳಗೆ ಬೀಳಿಸಿದರೆ, ನಾನು ಬಗ್ಗಿ ಎತ್ತಿಕೊಟ್ಟರೆ, ಹಾರ್ವೆಲ್‌ನ ಮೆತ್ತಗಿನ ದಕ್ಷಿಣದ ದನಿಯಲ್ಲಿ "ಅದನ್ನು ಟಿಪ್ಟೂರಿನ ಮಹನೀಯರೊಬ್ಬರು ಹಿಡಿದರು" ಅನ್ನುತ್ತಿದ್ದ. ತಿಪಟೂರು ಅಂತ ಸರಿಯಾಗಿ ಹೇಳಿಸೋಕೆ ಹತ್ತು ವರ್ಷ ಪ್ರಯತ್ನಪಟ್ಟು ಬಿಟ್ಟೆ.

ಅವನ ಬಾಯಲ್ಲಿ ಕ್ರಿಕೆಟ್ ಒಂದು 'ಐದು ದಿನದ ಪಿಕ್ನಿಕ್'. ಅದರ ಅಂಕಿಅಂಶ ಮಾತ್ರ ಕೇಳುತ್ತಿದ್ದ, ಕಿವಿಗೊಟ್ಟು. 1971 ನಮ್ಮದೂ ವರ್ಷ ಅಂತ ಹೇಳಿದೆ. ಓವಲ್ ಟೆಸ್ಟ್, ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ ನೆಲದಲ್ಲಿ ಭಾರತ ಮೊದಲ ಸಲ ಸರಣಿ ಗೆದ್ದದ್ದು. ಪೋಲಿಯೊದಿಂದ ಸಣಕಲಾದ ಕೈಯಲ್ಲೇ ಬೌಲ್ ಮಾಡುತ್ತಿದ್ದ ನಮ್ಮ ಮೈಸೂರಿನವನು ಅಂದೆ. ನೀನು ಕೇಳಿದ್ಯಾ ರೇಡಿಯೊದಲ್ಲಿ ಅಂದ. ನನಗಾಗ ನಾಲ್ಕು ವರ್ಷ, ಅಪ್ಪ ಹೇಳಿದ್ದು ಅಂದೆ. ಒಟ್ಟು ಲೆಕ್ಕ ಹೇಳು ಅಂದ. 58 ಟೆಸ್ಟ್, 242 ವಿಕೆಟ್, 167 ರನ್. ಕೈಯಲ್ಲಿದ್ದ ಕಾರ್ಡನ್ನು ಕೆಳಗಿಟ್ಟ. "ರನ್‌ಗಿಂತ ವಿಕೆಟ್ ಜಾಸ್ತಿಯಾ?" ಹೌದು ಅಂದೆ. ಅಷ್ಟು ಸುಂದರವಾದದ್ದನ್ನು ಈ ವಾರದಲ್ಲಿ ಬೇರೇನೂ ಕೇಳಿಲ್ಲ ಅಂದ. "ಅವನ ಕಾರ್ಡ್ ಇದೆಯಾ?"

ನಾನು ನೋಡಿಲ್ಲ ಅಂದೆ.

ಎರಡು ತಿಂಗಳು ಬಿಟ್ಟು, 2011ರ ಆಗಸ್ಟ್‌ನಲ್ಲಿ, ಒಂದು ಟಾಪ್‌ಲೋಡರ್, ಕಾರ್ಡ್ ಇಡುವ ಗಟ್ಟಿ ಪ್ಲಾಸ್ಟಿಕ್ ಕವಚ, ನನ್ನ ಮುಂದಿಟ್ಟ. ಒಳಗೆ ಕಪ್ಪು ಅಂಚಿನ ಕಾರ್ಡು. ಚಂದ್ರ ಕೈ ಎತ್ತಿ ಚೆಂಡು ಬಿಡುವ ಫೋಟೊ, ಎಲ್ಲಿಂದಲೋ ಪ್ರಿಂಟ್ ತೆಗೆದದ್ದು. ಮೇಲೆ ದೊಡ್ಡ ಅಕ್ಷರದಲ್ಲಿ ಮೈಸೂರು, ಅದರ ಕೆಳಗೆ ಹೆಸರು 71ರ ಶೈಲಿಯಲ್ಲೇ ಸಣ್ಣ ಅಕ್ಷರದಲ್ಲಿ. ಪಕ್ಕದಲ್ಲಿ 'ಪಿಚರ್' ಅಂತ. ಬೌಲರ್ ಅನ್ನಬೇಕು ಅಂದೆ. ನನ್ನ ಸೆಟ್ಟು ನನ್ನ ರೂಲು ಅಂದ. ಹಿಂಬದಿಯಲ್ಲಿ 71ರ ಕಾರ್ಡಿನಂತೆಯೇ ಪುಟ್ಟ ಕಪ್ಪುಬಿಳುಪು ಮುಖ, ಅದರ ಪಕ್ಕ 58, 242, 167. ನಂಬರು 753. ಸೆಟ್ಟು 752ಕ್ಕೆ ಮುಗಿಯುತ್ತಲ್ಲ, ಅದರ ಮುಂದಿನದು. ಬಲಗಡೆ ಕೆಳಗಿನ ಮೂಲೆಯಲ್ಲಿ ಶಾಯಿ ಎದ್ದು ಬಿಳಿ ಕಾಣುತ್ತಿತ್ತು. ಅಯ್ಯೋ ಇಲ್ಲಿ ತಾಗಿದೆಯಲ್ಲ ಅಂದೆ. "ಬೇಕಂತಲೇ ಕೆರೆದೆ. ಇಲ್ಲಾಂದ್ರೆ 71 ಅಂತ ಯಾರು ನಂಬ್ತಾರೆ?"

ಚಿತ್ರ ಮಾತ್ರ ಸರಿಯಾಗಿ ಮಧ್ಯಕ್ಕಿತ್ತು. ನಾನು ಸ್ಕೇಲ್ ಇಟ್ಟು ನೋಡಿದ್ದೇನೆ.

ಈಗ ನಾನು ಮಾಡಿದ ತಪ್ಪಿನ ವಿಷಯ.

ಟೈಗರ್ಸ್‌ನಲ್ಲಿ ಅಲನ್ ಟ್ರ್ಯಾಮೆಲ್, ಲೂ ವಿಟೇಕರ್ ಅಂತ ಜೋಡಿ ಇತ್ತು. ಇಬ್ಬರೂ ಒಂದೇ ದಿನ, 1977ರ ಸೆಪ್ಟೆಂಬರ್ 9ರಂದು, ಬಾಸ್ಟನ್‌ನಲ್ಲಿ ಮೊದಲ ಆಟ ಆಡಿದವರು. ಅಲ್ಲಿಂದ 1995ರವರೆಗೆ ಪಕ್ಕಪಕ್ಕ ನಿಂತು 1918 ಆಟ. ನಮಗೆ ಪ್ರಸನ್ನ-ಚಂದ್ರ ಇದ್ದ ಹಾಗೆ, ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬನದು ಬಾಯಿಗೆ ಬಂದೇ ಬರುತ್ತೆ. ಆದರೆ 1978ರ ಟಾಪ್ಸ್‌ನಲ್ಲಿ ಇಬ್ಬರೂ ಬೇರೆ ಬೇರೆ ಕಾರ್ಡು. ಆಗ ಹೊಸಬರನ್ನು ಮೈದಾನದಲ್ಲಿ ನಿಲ್ಲುವ ಜಾಗದ ಪ್ರಕಾರ ನಾಲ್ಕು ನಾಲ್ಕು ಜನರಂತೆ ಒಂದು ಕಾರ್ಡಿಗೆ ತುಂಬುತ್ತಿದ್ದರು. ಶಾರ್ಟ್‌ಸ್ಟಾಪ್‌ಗಳ 707ರಲ್ಲಿ ಟ್ರ್ಯಾಮೆಲ್, ಸೆಕೆಂಡ್ ಬೇಸ್‌ನವರ 704ರಲ್ಲಿ ವಿಟೇಕರ್. 1995ರಲ್ಲಿ, ಅವರಿಬ್ಬರೂ ಜೊತೆಯಾಗಿ ಆಡಿದ ಕೊನೆಯ ಸೀಸನ್ ಮುಗಿದಾಗ, ನನ್ನ ಗೆಳೆಯ ಈ ಎರಡನ್ನೂ ನನಗೆ ಕೊಟ್ಟ. ಬದಲಿಗೆ ತಗೊಂಡದ್ದು ಎರಡು ಕಾಸಿನ ಏನೋ. ಆಗ ನನಗೆ ಬೆಲೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಒಂದೇ ಷರತ್ತು, ಇಬ್ಬರನ್ನೂ ಬೇರೆ ಮಾಡಬೇಡ. ಆಮೇಲೆ ಪ್ರತಿ ಶೋದಲ್ಲೂ ಕೇಳುತ್ತಿದ್ದ. "ಹುಡುಗರು ಹೇಗಿದ್ದಾರೆ?" ಚೆನ್ನಾಗಿದ್ದಾರೆ.

2017ರ ಡಿಸೆಂಬರ್‌ನಲ್ಲಿ ಟ್ರ್ಯಾಮೆಲ್ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ. ವಿಟೇಕರ್ ಆಗಲಿಲ್ಲ. ಅವನ ಹೆಸರು 2001ರಲ್ಲೇ, ಮೊದಲ ವರ್ಷದಲ್ಲೇ, ಶೇಕಡ 5 ಮತವೂ ಸಿಗದೆ ಪಟ್ಟಿಯಿಂದ ಬಿದ್ದುಹೋಗಿತ್ತು. ಡೆಟ್ರಾಯಿಟ್‌ನಲ್ಲಿ ಇದನ್ನು ಈಗಲೂ ಅನ್ಯಾಯ ಅಂತಾರೆ, ನಾನೂ ಅನ್ನುತ್ತೇನೆ. ಇತ್ತ ಟ್ರ್ಯಾಮೆಲ್ ಕಾರ್ಡಿಗೆ ಕೇಳುವವರು ಜಾಸ್ತಿಯಾದರು. ನಾನು ಅದನ್ನು ಗ್ರೇಡಿಂಗ್‌ಗೆ, ಅಂದರೆ ಕಾರ್ಡಿನ ಸ್ಥಿತಿಗೆ ಅಂಕ ಹಾಕಿಸಲು, ಕಳಿಸಿದೆ, ಹತ್ತಕ್ಕೆ ಒಂಬತ್ತು ಬಂತು, ಮಾರಿಬಿಟ್ಟೆ. ದುಡ್ಡು ಬೇಕಿತ್ತಾ ಅಂದರೆ ಇಲ್ಲ. ಇನ್ನೂರು ಡಾಲರಿಗೂ ಸ್ವಲ್ಪ ಕಮ್ಮಿ. ಅದರಿಂದ ಏನು ಮಾಡಿದೆ ಅಂತಲೂ ನೆನಪಿಲ್ಲ. ಬೆಲೆ ಏರುತ್ತಿರುವಾಗ ಮಾರುವುದರಲ್ಲೇ ಒಂದು ಚಪಲ ಇರುತ್ತೆ, ಅಷ್ಟೇ.

ಮುಂದಿನ ಶೋದಲ್ಲಿ ಕೇಳಿದ, ಹುಡುಗರು ಹೇಗಿದ್ದಾರೆ ಅಂತ. ಚೆನ್ನಾಗಿದ್ದಾರೆ ಅಂದೆ. ಒಂದೂವರೆ ವರ್ಷ ಹೀಗೇ ಅಂದೆ. ಕೊನೆಗೆ ಒಂದು ಭಾನುವಾರ, ಶೋ ಮುಗಿಸಿ ಕಾಫಿ ಕುಡಿಯುತ್ತಾ ಕೂತಾಗ, ತಡೆಯಲಾರದೆ ಹೇಳಿಬಿಟ್ಟೆ. ಕಪ್ ಕೆಳಗಿಟ್ಟು, "ಎಷ್ಟಕ್ಕೆ ಹೋಯ್ತು?" ಅಂದ. ಹೇಳಿದೆ. "ಇನ್ನೂ ನಲವತ್ತು ಸಿಗ್ತಿತ್ತು" ಅಂದ. ಅಷ್ಟೇ. ಬಿಲ್ ಬಂತು, ಅರ್ಧರ್ಧ ಕೊಟ್ಟೆವು. ಪಾರ್ಕಿಂಗ್‌ನಲ್ಲಿ ಟ್ರಕ್ಕಿನ ಬಾಗಿಲು ತೆಗೆದವನು ತಿರುಗಿ ಕೇಳಿದ. "ಹಾಗಾದ್ರೆ ಲೂ ಈಗ ಯಾರ ಜೊತೆ ಇದ್ದಾನೆ?"

ಆ ವಾರವೇ ಇನ್ನೊಂದು ಟ್ರ್ಯಾಮೆಲ್ ಕೊಂಡೆ. ಗ್ರೇಡಿಂಗ್ ಗಿಡ್ಡಿಂಗ್ ಏನಿಲ್ಲ, ಮೂಲೆ ಸವೆದ ಸಾಧಾರಣ ಕಾರ್ಡು. ತೋರಿಸಿದೆ. ಭೂತಗನ್ನಡಿ ತೆಗೆದ, ತಿರುಗಿಸಿ ತಿರುಗಿಸಿ ನೋಡಿದ. ಎಡಗಡೆ ಅಂಚು ಬಲಗಡೆಯ ಅರ್ಧದಷ್ಟೂ ಇರಲಿಲ್ಲ. ಬೈತಾನೆ ಅಂತ ಕಾದೆ. "ಲೂಗೆ ಪರವಾಗಿಲ್ಲ" ಅಂದು ವಾಪಸ್ ಕೊಟ್ಟ.

ಅವನ ಬೆರಳೂ ಬರ್ಡಿಕ್‌ನ ಬೆರಳಾಗತೊಡಗಿದ್ದು ಆ ಹೊತ್ತಿಗೇ. ಕೊನೆಯ ಎರಡು ವರ್ಷ ಅವನು ಕೊಂಡ ಕಾರ್ಡನ್ನು ಸ್ಲೀವ್‌ಗೆ ಹಾಕುತ್ತಿದ್ದದ್ದು ನಾನು. ಓರೆಯಾಗಿ ಒಂದು ಮೂಲೆ, ಆಮೇಲೆ ಇನ್ನೊಂದು, ಮೆಲ್ಲಗೆ ತಟ್ಟುವುದು. ಉಸಿರು ಬಿಗಿ ಹಿಡಿದು ನೋಡುತ್ತಿದ್ದ. ನನ್ನ ಮೇಲೆ ಪೂರ್ತಿ ನಂಬಿಕೆ ಯಾವತ್ತೂ ಬರಲಿಲ್ಲ.

ನನಗೆ ಅವನು ಫೋನ್ ಮಾಡಿದ್ದು ಒಂದೇ ಸಲ, 2009ರ ಏಪ್ರಿಲ್‌ನಲ್ಲಿ. ನಂಬರ್ ಎಲ್ಲಿಂದ ತಗೊಂಡನೋ. "ಬರ್ಡ್ ಹೋದ" ಅಂದ. ಬರ್ಡ್ ಅಂದರೆ ಮಾರ್ಕ್ ಫಿಡ್ರಿಚ್, 1976ರಲ್ಲಿ ಒಂದೇ ವರ್ಷ ಧೂಳೆಬ್ಬಿಸಿದ ಟೈಗರ್ಸ್ ಪಿಚರ್. ಗುಂಗುರು ಕೂದಲು, ಚೆಂಡಿನ ಜೊತೆ ಮಾತಾಡುತ್ತಿದ್ದ, ಮಂಡಿಯೂರಿ ಕೂತು ಪಿಚಿಂಗ್ ದಿಬ್ಬದ ಮಣ್ಣನ್ನು ಕೈಯಿಂದ ಸವರುತ್ತಿದ್ದ. ಆ ವರ್ಷ 19 ಗೆಲುವು. ಮುಂದಿನ ವರ್ಷ ಮಂಡಿ ಹೋಯಿತು, ಆಮೇಲೆ ಭುಜ. ಊರಿಗೆ ವಾಪಸ್ ಹೋಗಿ ಜಮೀನು ನೋಡಿಕೊಂಡಿದ್ದ. ತನ್ನ ಟ್ರಕ್ ರಿಪೇರಿ ಮಾಡುತ್ತಿದ್ದಾಗ ಅದರ ಕೆಳಗೇ ಸತ್ತ, 54 ವರ್ಷ. ಇಷ್ಟು ಹೇಳಿ ನನ್ನ ಗೆಳೆಯ ಫೋನ್ ಇಟ್ಟುಬಿಟ್ಟ. ಅದಕ್ಕೂ ಮೂರು ವರ್ಷ ಹಿಂದೆ ಅವನ ಹೆಂಡತಿ ತೀರಿಕೊಂಡಾಗ ಫೋನ್ ಮಾಡಿರಲಿಲ್ಲ. ಶೋದಲ್ಲಿ ಸಿಕ್ಕ, ಒಂದು ಗಂಟೆ ಬದಲಾವಣೆ ವ್ಯವಹಾರ ನಡೆಯಿತು, ಎಲ್ಲಾ ಮುಗಿದು ಡಬ್ಬಿ ಮುಚ್ಚುವಾಗ, "ಹೋದ ತಿಂಗಳು ಮಿಸೆಸ್ ತೀರಿಕೊಂಡಳು" ಅಂದ. ನನಗೆ ಅವಳ ಹೆಸರೂ ಗೊತ್ತಿರಲಿಲ್ಲ.

ಇದು ನನ್ನನ್ನು ಈಗ ಕಾಡುತ್ತೆ. ಯಾವ ಕಾರ್ಡ್ ಎಲ್ಲಿ, ಯಾವ ವರ್ಷ, ಎಷ್ಟಕ್ಕೆ ಕೊಂಡ ಅಂತ ನಾನು ನಿದ್ದೆಯಲ್ಲೂ ಹೇಳಬಲ್ಲೆ. ಅವನ ಮನೆ ಒಳಗಿಂದ ಹೇಗಿದೆ ಅಂತ ಗೊತ್ತಿರಲಿಲ್ಲ. ನನ್ನ ಮನೆಗೂ ಒಮ್ಮೆಯೂ ಕರೆದಿಲ್ಲ. ಇಲ್ಲಿನ ಪಂಪ ಕನ್ನಡ ಕೂಟದ ದೀಪಾವಳಿಗೆ ಆಫೀಸಿನಲ್ಲಿ ಮುಖಪರಿಚಯ ಇರುವವರನ್ನೆಲ್ಲ ಕರೆದುಕೊಂಡು ಹೋಗಿದ್ದೇನೆ. ಅವನನ್ನು ಕರೆಯಬೇಕು ಅಂತ ತೋಚಲೇ ಇಲ್ಲ. ಕಾರ್ಡಿನ ಆಚೆಗೆ ಅವನು ಇದ್ದಾನೆ ಅಂತಲೇ ಅನಿಸಿರಲಿಲ್ಲವೇನೋ.

2022ರ ಜನವರಿಯಲ್ಲಿ ಹೋದ. ಎಪ್ಪತ್ಮೂರು. ಮಗಳು ನನ್ನ ನಂಬರನ್ನು ಅವನ ಡಬ್ಬಿಯೊಂದರ ಮುಚ್ಚಳದ ಒಳಗೆ ಪೆನ್ಸಿಲ್‌ನಲ್ಲಿ ಬರೆದಿದ್ದು ನೋಡಿ ಫೋನ್ ಮಾಡಿದಳು. ಅಂತಿಮ ದರ್ಶನಕ್ಕೆ ಹೋದೆ. ಬಾಗಿಲಲ್ಲಿ ಒಂದು ಬೋರ್ಡಿನ ಮೇಲೆ ಹಳೇ ಫೋಟೊಗಳು. ಅದರಲ್ಲೊಂದು ಸೈನಿಕನ ಯೂನಿಫಾರ್ಮಿನಲ್ಲಿ, ಇಪ್ಪತ್ತರ ಹುಡುಗ, ಕಿವಿ ಎರಡೂ ಹೊರಗೆ ಚಾಚಿವೆ. ಕೆಳಗೆ ವಿಯೆಟ್ನಾಂ, 1968 ಅಂತ.

ನಾನು ಅದರ ಮುಂದೆ ಬಹಳ ಹೊತ್ತು ನಿಂತೆ. 1968 ಅಂದರೆ ಡೆಟ್ರಾಯಿಟ್‌ಗೆ ದೊಡ್ಡ ವರ್ಷ. ಟೈಗರ್ಸ್ ಆ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್ ಮೇಲೆ ಏಳು ಆಟದ ವರ್ಲ್ಡ್ ಸೀರೀಸ್ ಗೆದ್ದರು. ಮಿಕ್ಕಿ ಲೋಲಿಚ್ ಒಬ್ಬನೇ ಮೂರು ಆಟ ಗೆಲ್ಲಿಸಿದ. ನನ್ನ ಗೆಳೆಯನ ವಯಸ್ಸಿನ ಯಾರನ್ನೇ ಕೇಳಿ, ಆ ದಿನ ಎಲ್ಲಿದ್ದೆ, ಯಾರ ರೇಡಿಯೊದಲ್ಲಿ ಕೇಳಿದೆ ಅಂತ ಅರ್ಧ ಗಂಟೆ ಹೇಳುತ್ತಾರೆ. ಅವನನ್ನೂ ನಾನು ಕೇಳಿದ್ದೆ, ಒಂದಲ್ಲ ಮೂರ್ನಾಲ್ಕು ಸಲ. ಆ ಆಟ ನೋಡಿದ್ಯಾ? ಪ್ರತಿ ಸಲ ಒಂದೇ ಉತ್ತರ. "ಕಾರ್ಡ್ ಇದೆ." 1969ರ ಟಾಪ್ಸ್‌ನಲ್ಲಿ ಹಿಂದಿನ ವರ್ಷದ ವರ್ಲ್ಡ್ ಸೀರೀಸ್ ಮೇಲೆ ಎಂಟು ಕಾರ್ಡು ಬಂದಿದ್ದವು, 162ರಿಂದ 169. ಅವನ್ನು ಬೇರೆಯೇ ಒಂದು ಹಾಳೆಯಲ್ಲಿ ಇಟ್ಟುಕೊಂಡಿದ್ದ. ಒಂಬತ್ತು ಜೇಬಿನ ಹಾಳೆ, ಒಂದು ಜೇಬು ಖಾಲಿ. ಹಾಳೆ ತಿರುವುವಾಗ ಅಲ್ಲಿ ಸ್ವಲ್ಪ ನಿಧಾನ ಮಾಡುತ್ತಿದ್ದ. ಮಾತಿನಲ್ಲಿ ಜುಗ್ಗ, ಅದಕ್ಕೇ ಹೀಗೆ ಹೇಳ್ತಾನೆ ಅಂದುಕೊಂಡಿದ್ದೆ. ಮಗಳು ಹೇಳಿದಳು, ಅಪ್ಪ ವಾಪಸ್ ಬಂದದ್ದು 69ರ ವಸಂತದಲ್ಲಿ, ಬಂದ ವಾರ ಅಂಗಡಿಗೆ ಹೋಗಿ ಮಕ್ಕಳ ಜೊತೆ ಸಾಲಲ್ಲಿ ನಿಂತು ಗಮ್ ಕೊಂಡನಂತೆ, ಅಜ್ಜಿ ನಗುತ್ತಿದ್ದರಂತೆ.

ಬೇಸ್‌ಮೆಂಟ್‌ನಲ್ಲಿ ಗೋಡೆಯುದ್ದಕ್ಕೂ ಡಬ್ಬಿ. ಅಂದಾಜು ಅರವತ್ತು ಸಾವಿರ ಕಾರ್ಡ್ ಇರಬೇಕು, ಬಹುಪಾಲು 1986ರಿಂದ 92ರವರೆಗಿನದು. "ಎಷ್ಟು ಬರುತ್ತೆ?" ಅಂತ ಮಗಳು ಕೇಳಿದಳು. ಇಂಥ ಪ್ರಶ್ನೆಗೆ ಉತ್ತರ ಹೇಳುವುದು ಡಾಕ್ಟರ ಕೆಲಸದ ಹಾಗೆ. ಹಳೆಯವಕ್ಕೆ ಸ್ವಲ್ಪ ಬರುತ್ತೆ, ಈ ಗೋಡೆಯದಕ್ಕೆ ಸಾಗಿಸುವ ಖರ್ಚೂ ಹುಟ್ಟಲ್ಲ ಅಂದೆ. ಅವಳು ಜೋರಾಗಿ ನಕ್ಕಳು. "ಅಮ್ಮ 1990ರಲ್ಲೇ ಹೇಳಿದ್ದಳು." ನಾಲ್ಕು ಶನಿವಾರ ಕೂತು ವಿಂಗಡಿಸಿದೆವು. ಹೆಚ್ಚಿನವು ಮಕ್ಕಳಿಗೆ ಹೋದವು. ಮಕ್ಕಳು ಅವನ್ನು ಅಂಚಲ್ಲಿ ಹಿಡಿಯಲಿಲ್ಲ.

ಎಂಟು ಕಾರ್ಡಿನ ಆ ಹಾಳೆಯನ್ನು ಅವಳೇ ಇಟ್ಟುಕೊಂಡಳು. 71ರ ಸೆಟ್ಟು ನೀವು ಸುಮ್ನೆ ತಗೊಳ್ಳಿ ಅಂದಳು. ನಾನು ದುಡ್ಡು ಕೊಟ್ಟೇ ತಗೊಂಡೆ, ಸರಿಯಾದ ಬೆಲೆ, ಚೌಕಾಸಿ ಮಾಡದೆ. ಆ ವರ್ಷ ಆಗಸ್ಟ್‌ನಲ್ಲಿ ಟೈಗರ್ಸ್ ಕೊನೆಗೂ ವಿಟೇಕರ್‌ನ 1ನೇ ನಂಬರಿಗೆ ಗೌರವ ಕೊಟ್ಟು, ಅದನ್ನು ಇನ್ಯಾರಿಗೂ ಕೊಡುವುದಿಲ್ಲ ಅಂತ ಸ್ಟೇಡಿಯಂನಲ್ಲಿ ಹಾಕಿದರು. ಅವನು ಇದ್ದಿದ್ದರೆ ತಡ ಆಯ್ತು ಅಂತ ಬೈಯುತ್ತಿದ್ದ.

ಆಲ್ಬಂನ ಹಿಂದಿನ ಜೇಬಲ್ಲಿ ಅವನ ವಾಂಟ್ ಲಿಸ್ಟ್, ಇನ್ನೂ ಬೇಕಾದ ಕಾರ್ಡುಗಳ ಪಟ್ಟಿ, ಇತ್ತು, ಹಳದಿ ಕಾಗದ, ಮಡಿಕೆಯಲ್ಲಿ ಹರಿದು ಟೇಪ್ ಹಾಕಿದ್ದು. ಸಿಕ್ಕ ನಂಬರುಗಳನ್ನೆಲ್ಲ ಸ್ಕೇಲ್ ಇಟ್ಟು ಹೊಡೆದಿದ್ದಾನೆ. ಉಳಿದದ್ದು ಮೂರು. ಮೂರೂ ಕೊನೆಯ ಸರಣಿಯವು, 71ರಲ್ಲಿ ಸಿಗುವುದು ಕಷ್ಟ ಅಂತ ಹೆಸರಾದವು.

ಜಿಬ್ರಾಲ್ಟರ್ ಈಗಿಲ್ಲ, ಟೇಲರ್‌ನದು 2014ರಲ್ಲೇ ಮುಚ್ಚಿತು. ಹೋದ ತಿಂಗಳು ಬೇರೆ ಕಡೆ ಒಂದು ಶೋಗೆ ಹೋಗಿದ್ದೆ. ಟೇಬಲ್ ಹಿಂದೆ ಇದ್ದ ಹುಡುಗನಿಗೆ ಇಪ್ಪತ್ತೈದೂ ಇರಲಿಕ್ಕಿಲ್ಲ. ಏನು ನೋಡ್ತಿದ್ದೀರಿ ಅಂದ. ಪರ್ಸಿನಿಂದ ಹಳದಿ ಕಾಗದ ತೆಗೆದೆ.

"71. ಆರುನೂರ ಐವತ್ತೇಳು, ಏಳುನೂರ ಒಂಬತ್ತು, ಏಳುನೂರ ಮೂವತ್ತೊಂದು."

709 ಇದೆ ಅಂದ. ಡಸ್ಟಿ ಬೇಕರ್, ಡಾನ್ ಬೇಲರ್ ಇರುವ ಹೊಸಬರ ಕಾರ್ಡು. ಪ್ಲಾಸ್ಟಿಕ್‌ನಿಂದ ಹೊರಗೆ ತೆಗೆದು ಕೊಟ್ಟ. ಮೂಲೆ ನಾಲ್ಕೂ ಚೂಪಾಗಿದ್ದವು, ಕಪ್ಪು ಎಲ್ಲೂ ಎದ್ದಿರಲಿಲ್ಲ. ಬೆಲೆಯೂ ಪರವಾಗಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಎಡಗಡೆ ಅಂಚು ಒಂದು ಕೂದಲು ಸಣ್ಣ.

ವಾಪಸ್ ಕೊಟ್ಟೆ.